ವಿದ್ಯಾರ್ಥಿಗಳ ಆರೋಗ್ಯ ಪ್ರಚಾರ: ಫಲವನ್ನು ಅಳೆಯುವ ಬಗೆ

ವಿದ್ಯಾರ್ಥಿಗಳೇ ಮುಂದಾಗಿ ನಡೆಸುವ ಆರೋಗ್ಯ ಪ್ರಚಾರ ಕಾರ್ಯಗಳು ಶಾಲೆಗಳಲ್ಲಿ ಅಪರೂಪವೇನಲ್ಲ. ತಂಬಾಕಿನ ವಿರುದ್ಧ ಪ್ರಭಾತಫೇರಿ ಹೊರಡುತ್ತದೆ, ಭಿತ್ತಿಪತ್ರಗಳ ಸ್ಪರ್ಧೆ ಏರ್ಪಡುತ್ತದೆ, ಬೀದಿ ನಾಟಕವಾಗುತ್ತದೆ, ಕೊನೆಗೆ ಪ್ರತಿಜ್ಞಾವಿಧಿ ನೆರವೇರುತ್ತದೆ. ವರ್ಷಾಂತ್ಯದ ವರದಿಯಲ್ಲಿ ‘ಕಾರ್ಯಕ್ರಮವು ಯಶಸ್ವಿಯಾಗಿ ಜರುಗಿತು’ ಎಂಬ ವಾಕ್ಯ ಸೇರುತ್ತದೆ. ಎಷ್ಟು ಮಂದಿ ನೆರೆದಿದ್ದರು, ಅಧ್ಯಕ್ಷತೆಯನ್ನು ಯಾರು ವಹಿಸಿದ್ದರು, ಬಹುಮಾನ ಯಾರಿಗೆ ಸಂದಿತು ಎಂಬ ವಿವರಗಳೂ ಅಲ್ಲಿರುತ್ತವೆ. ಆದರೆ ಆ ಪ್ರಚಾರದಿಂದಾಗಿ ಒಬ್ಬ ಬಾಲಕನಾದರೂ ಗುಟ್ಕಾ ಪೊಟ್ಟಣವನ್ನು ಕೈಯಿಂದ ಕೆಳಗಿಟ್ಟನೇ ಎಂಬ ಪ್ರಶ್ನೆಗೆ ಆ ವರದಿಯಲ್ಲಿ ಉತ್ತರವಿರುವುದಿಲ್ಲ. ನಡೆದದ್ದು ಬೇರೆ, ಫಲಿಸಿದ್ದು ಬೇರೆ. ಈ ಎರಡನ್ನೂ ಬೇರ್ಪಡಿಸಿ ನೋಡುವ ಕ್ರಮಕ್ಕೆ ಮೌಲ್ಯಮಾಪನವೆಂದು ಹೆಸರು.

ಈ ವಿಷಯದಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಅನುಭವ ಗಮನಾರ್ಹವಾದುದು. ಧೂಮಪಾನದಿಂದ ರೋಗಿಗಳಾದವರ ಚಿಕಿತ್ಸೆಗೆ ತಾನು ಮಾಡಿದ ವೆಚ್ಚವನ್ನು ಭರಿಸಿಕೊಡಬೇಕೆಂದು ಆ ರಾಜ್ಯ ಸಿಗರೇಟು ಕಂಪನಿಗಳ ಮೇಲೆ ಹೂಡಿದ್ದ ದಾವೆ 1997ರಲ್ಲಿ ರಾಜಿಯಲ್ಲಿ ಮುಗಿಯಿತು. ಕಂಪನಿಗಳು 1,100 ಕೋಟಿ ಡಾಲರಿಗೂ ಮಿಗಿಲಾದ ಹಣವನ್ನು ತೆರಲು ಒಪ್ಪಿದವು. ಅದರ ಒಂದು ಭಾಗವನ್ನು ಎಳೆಯರನ್ನು ತಂಬಾಕಿನಿಂದ ದೂರವಿಡುವ ಕಾರ್ಯಕ್ಕೆ ಮೀಸಲಿಡಲಾಯಿತು. ಅಂದಿನ ರಾಜ್ಯಪಾಲ ಲಾಟನ್ ಚೈಲ್ಸ್ ಅವರ ಕಾಲದಲ್ಲಿ, 1998ರಲ್ಲಿ, ರಾಜ್ಯದ ವಿದ್ಯಾರ್ಥಿಗಳ ಸಮ್ಮೇಳನವೊಂದು ಸೇರಿತು. ಸಿಗರೇಟು ಕೆಟ್ಟದ್ದೆಂಬ ಉಪದೇಶ ತಮಗೆ ಬೇಕಿಲ್ಲವೆಂದೂ, ಅದು ಕೆಟ್ಟದ್ದೆಂದು ಬಲ್ಲ ಕಂಪನಿಗಳು ಎಳೆಯರನ್ನು ಹೇಗೆ ಸೆಳೆಯುತ್ತವೆ ಎಂಬುದನ್ನು ಬಯಲಿಗೆಳೆಯಬೇಕೆಂದೂ ವಿದ್ಯಾರ್ಥಿಗಳು ನಿಶ್ಚಯಿಸಿದರು. ‘ಟ್ರೂತ್’, ಅಂದರೆ ಸತ್ಯ, ಎಂಬ ಹೆಸರಿನ ಪ್ರಚಾರ ಹೀಗೆ ಹುಟ್ಟಿತು. ‘ಸ್ವಾಟ್’ ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳದೇ ಸಂಘಟನೆಯೂ ಕಟ್ಟಲ್ಪಟ್ಟಿತು.

ಅಲ್ಲಿನವರು ಮಾಡಿದ ಜಾಣತನದ ಕೆಲಸವೆಂದರೆ, ಪ್ರಚಾರ ಆರಂಭವಾಗುವ ಮೊದಲೇ, 1998ರ ಫೆಬ್ರವರಿಯಲ್ಲಿ, ಒಂದು ಸಮೀಕ್ಷೆಯನ್ನು ಮುಗಿಸಿದ್ದು. ಕಳೆದ 30 ದಿನಗಳಲ್ಲಿ ಒಂದು ದಿನವಾದರೂ ಸಿಗರೇಟು ಸೇದಿದ್ದುಂಟೇ ಎಂಬ ಪ್ರಶ್ನೆಗೆ ಸರ್ಕಾರಿ ಶಾಲೆಗಳ 20,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೆಸರು ಬರೆಯದೆ ಉತ್ತರವಿತ್ತರು. ಅದೇ ಪ್ರಶ್ನೆಯನ್ನು 1999ರಲ್ಲಿಯೂ 2000ದಲ್ಲಿಯೂ ಮತ್ತೆ ಕೇಳಲಾಯಿತು. ಮಾಧ್ಯಮಿಕ ಶಾಲೆಗಳಲ್ಲಿ ಸೇದುವವರ ಪ್ರಮಾಣ ಎರಡು ವರ್ಷಗಳಲ್ಲಿ ಶೇಕಡಾ 18.5ರಿಂದ 11.1ಕ್ಕೆ ಇಳಿದಿತ್ತು, ಪ್ರೌಢಶಾಲೆಗಳಲ್ಲಿ 27.4ರಿಂದ 22.6ಕ್ಕೆ ಇಳಿದಿತ್ತು. ಚಟ ಬೇರೂರುವ ಮುನ್ನವೇ ಮಾತು ಮುಟ್ಟಿದ ಕಿರಿಯರಲ್ಲಿ ಇಳಿಕೆ ಹೆಚ್ಚಾಗಿದ್ದುದು ಸಹಜವೇ.

ಆದರೂ ಒಂದು ಸಂಶಯ ಉಳಿಯುತ್ತದೆ. 1998ರ ಕೊನೆಯಲ್ಲಿ ಅಮೆರಿಕದಾದ್ಯಂತ ಸಿಗರೇಟಿನ ಬೆಲೆ ಏರಿತು. ಕೈಯಲ್ಲಿ ಅಲ್ಪ ಹಣವಿರುವ ಎಳೆಯರು ಬೆಲೆ ಏರಿದಾಗ ಎಲ್ಲರಿಗಿಂತ ಮೊದಲು ಹಿಂಜರಿಯುತ್ತಾರೆ. ಹಾಗಾದರೆ ಇಳಿಕೆಯ ಶ್ರೇಯಸ್ಸು ಪ್ರಚಾರಕ್ಕೋ, ಬೆಲೆಗೋ? ಮೊದಲು ಮತ್ತು ಅನಂತರ ಎಂಬ ಎರಡೇ ಅಳತೆಗಳಿಂದ ಇದನ್ನು ನಿರ್ಧರಿಸಲಾಗದು. ಪ್ರಚಾರವಿಲ್ಲದ ಕಡೆ ಅದೇ ಅವಧಿಯಲ್ಲಿ ಏನಾಯಿತೆಂಬುದನ್ನೂ ನೋಡಬೇಕಾಗುತ್ತದೆ.

ಈ ಮೂರನೆಯ ಅಳತೆ ಎಷ್ಟು ಮುಖ್ಯವೆಂಬುದನ್ನು ಭಾರತದಲ್ಲಿಯೇ ನಡೆದ ಪ್ರಯೋಗವೊಂದು ತೋರಿಸಿಕೊಟ್ಟಿದೆ. ದೆಹಲಿ ಮತ್ತು ಚೆನ್ನೈ ನಗರಗಳ 32 ಶಾಲೆಗಳಲ್ಲಿ 2004ರಿಂದ 2006ರವರೆಗೆ ‘ಮೈತ್ರಿ’ ಎಂಬ ಯೋಜನೆ ನಡೆಯಿತು. ಚೀಟಿ ಎತ್ತಿದಂತೆ ಶಾಲೆಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ಮಾತ್ರ 6 ಮತ್ತು 8ನೆಯ ತರಗತಿಗಳ ಮಕ್ಕಳಿಗೆ ತಂಬಾಕು ವಿರೋಧಿ ಕಾರ್ಯಕ್ರಮವನ್ನು ನಡೆಸಲಾಯಿತು. ಸಹಪಾಠಿಗಳಲ್ಲಿಯೇ ಕೆಲವರು ತರಬೇತಿ ಪಡೆದು ಮುಂದಾಳುಗಳಾದರು. ಎರಡು ವರ್ಷಗಳ ತರುವಾಯ ಕಾರ್ಯಕ್ರಮ ನಡೆದ ಶಾಲೆಗಳಲ್ಲಿ ತಂಬಾಕಿನ ಬಳಕೆ ಶೇಕಡಾ 17ರಷ್ಟು ಇಳಿದಿತ್ತು. ಇಷ್ಟನ್ನೇ ಕೇಳಿದ ದಾನಿಯೊಬ್ಬರು ‘ಇಷ್ಟಕ್ಕೆ ಇಷ್ಟು ಶ್ರಮವೇ?’ ಎಂದರೆ ಆಶ್ಚರ್ಯವಿಲ್ಲ. ಆದರೆ ಕಾರ್ಯಕ್ರಮ ನಡೆಯದ ಶಾಲೆಗಳಲ್ಲಿ ಅದೇ ಅವಧಿಯಲ್ಲಿ ಬಳಕೆ ಶೇಕಡಾ 68ರಷ್ಟು ಏರಿತ್ತು! (ನೂರರಲ್ಲಿ 68 ಮಕ್ಕಳು ಎಂದು ಇದರ ಅರ್ಥವಲ್ಲ, ಮೊದಲಿದ್ದ ಪ್ರಮಾಣದ ಮೇಲೆ ಆದ ಏರಿಕೆ ಅಷ್ಟು.) ವಯಸ್ಸು ಏರಿದಂತೆ ಚಟವೂ ಏರುವ ಕಾಲದಲ್ಲಿ, ಇದ್ದಲ್ಲಿಯೇ ನಿಲ್ಲಿಸಿದ್ದೂ ಒಂದು ಗೆಲುವೇ. ಪ್ರಚಾರವಿಲ್ಲದಿದ್ದರೆ ಎಷ್ಟಾಗುತ್ತಿತ್ತು ಎಂಬುದು ತಿಳಿಯದೆ ಎಷ್ಟಾಯಿತು ಎಂಬುದಕ್ಕೆ ಬೆಲೆ ಕಟ್ಟಲಾಗದು.

ಅಚ್ಚುಕಟ್ಟಾಗಿ ನಡೆದುದೆಲ್ಲ ಫಲಿಸುವುದೆಂಬ ನೆಚ್ಚಿಕೆಯೂ ಸಲ್ಲದು. ಅಮೆರಿಕದ ವಾಷಿಂಗ್ಟನ್ ರಾಜ್ಯದ 40 ಶಾಲಾ ಜಿಲ್ಲೆಗಳಲ್ಲಿ 1984ರಿಂದ 1999ರವರೆಗೆ ಮತ್ತೊಂದು ಪ್ರಯೋಗ ನಡೆಯಿತು. ಅಲ್ಲಿ ಬೋಧಿಸಿದವರು ಶಿಕ್ಷಕರು. 3ನೆಯ ತರಗತಿಯಿಂದ ಮೊದಲಾಗಿ ಪಾಠಗಳು ನಿಷ್ಠೆಯಿಂದ ನಡೆದವು. 12ನೆಯ ತರಗತಿಯಲ್ಲಿ ನೋಡಿದಾಗ ದಿನವೂ ಸೇದುವ ಬಾಲಕಿಯರು ಪಾಠ ಕೇಳಿದವರಲ್ಲಿ ಶೇಕಡಾ 24.4, ಕೇಳದವರಲ್ಲಿ 24.7. ಬಾಲಕರಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ಹದಿನೈದು ವರ್ಷಗಳ ದುಡಿಮೆಯ ಈ ಶೂನ್ಯಫಲವನ್ನು ಮುಚ್ಚಿಡದೆ 2000ದಲ್ಲಿ ಪ್ರಕಟಿಸಿದ ಸಂಶೋಧಕರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆ ದಾರಿಯಲ್ಲಿ ಮತ್ತೆ ಹಣ ಸುರಿಯುವವರಿಗೆ ಅದೊಂದು ಎಚ್ಚರಿಕೆಯಾಯಿತು.

ಅಳೆಯುವ ಕೆಲಸದಲ್ಲಿ ಎಡವುವ ಸ್ಥಳಗಳು ಹಲವು. ತರಗತಿಯಲ್ಲಿ ನಿಂತು ‘ಯಾರು ಗುಟ್ಕಾ ತಿನ್ನುತ್ತೀರಿ?’ ಎಂದು ಶಿಕ್ಷಕರು ಕೇಳಿದರೆ ಕೈ ಎತ್ತುವವರು ಯಾರು? ಹೆಸರಿಲ್ಲದ ಕಾಗದ, ಬೀಗ ಹಾಕಿದ ಪೆಟ್ಟಿಗೆ, ಓದುವವನು ತನ್ನ ಶಿಕ್ಷಕನಲ್ಲವೆಂಬ ಭರವಸೆ ಇವು ಇದ್ದಲ್ಲಿ ಮಾತ್ರ ನಿಜ ಹೊರಬೀಳುತ್ತದೆ. ‘ತಂಬಾಕು ಸೇವಿಸುವೆಯಾ?’ ಎಂದರೆ ಬಾಲಕನು ಇಲ್ಲವೆನ್ನಬಹುದು. ಎಲೆ-ಅಡಿಕೆಯೊಡನೆ ಹಾಕಿಕೊಳ್ಳುವ ಹೊಗೆಸೊಪ್ಪನ್ನು ಅವನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಬಳಿಕ ಪಾನ್ ಮಸಾಲೆಯೂ ತಂಬಾಕೂ ಬೇರೆ ಬೇರೆ ಪೊಟ್ಟಣಗಳಲ್ಲಿ ಬಂದು ಬಾಯಲ್ಲಿ ಒಂದಾದವು. ಆದುದರಿಂದ ಒಂದೊಂದು ವಸ್ತುವನ್ನೂ ಅದರ ರೂಢಿಯ ಹೆಸರಿನಿಂದಲೇ ಕೇಳಬೇಕು. ಸಮೀಕ್ಷೆಯ ದಿನ ಗೈರುಹಾಜರಾದವರನ್ನೂ ಶಾಲೆ ಬಿಟ್ಟವರನ್ನೂ ಮರೆತರೆ, ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿರುವವರೇ ಲೆಕ್ಕದಿಂದ ಜಾರಿಹೋಗುತ್ತಾರೆ.

ಫಲ ಸಿದ್ಧಪಟ್ಟ ಮಾತ್ರಕ್ಕೆ ಕಾರ್ಯ ಉಳಿಯುತ್ತದೆಂದೂ ಹೇಳಲಾಗದು. ಫ್ಲಾರಿಡಾದ ಶಾಸನಸಭೆ ತನ್ನ ವಿದ್ಯಾರ್ಥಿಗಳ ಪ್ರಚಾರಕ್ಕೆ ಕೊಡುತ್ತಿದ್ದ ಅನುದಾನವನ್ನು ವರ್ಷವರ್ಷಕ್ಕೆ ಕುಗ್ಗಿಸುತ್ತ ಬಂದು 2003ರಲ್ಲಿ ಬಹುಪಾಲು ಕಡಿದುಹಾಕಿತು. 2006ರಲ್ಲಿ ಮತದಾರರು ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದು ಆ ಹಣವನ್ನು ಮರಳಿ ದೊರಕಿಸಿಕೊಟ್ಟರು. ಪ್ರಚಾರಕ್ಕಾಗಿ ಮತ ಕೇಳಲು ಹೊರಟವರ ಕೈಯಲ್ಲಿ ಮೊದಲ ವರ್ಷಗಳ ಅಂಕಿಗಳಿದ್ದವು.

ಈ ನಾಡಿನ ಒಂದು ಶಾಲೆಗೆ ಇಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಜೂನ್ ತಿಂಗಳಲ್ಲಿ, ಪ್ರಭಾತಫೇರಿಗೆ ಮುನ್ನ, ನಾಲ್ಕು ಪ್ರಶ್ನೆಗಳ ಒಂದು ಹಾಳೆ. ಮುಂದಿನ ಜೂನ್‌ನಲ್ಲಿ ಅದೇ ಹಾಳೆ. ಅದೇ ಆಡಳಿತದ ಮತ್ತೊಂದು ಶಾಲೆಯಲ್ಲಿ ಪ್ರಚಾರವನ್ನು ಒಂದು ವರ್ಷ ತಡವಾಗಿ ಆರಂಭಿಸಿದರೆ ಹೋಲಿಕೆಗೂ ಅನುಕೂಲ, ಯಾವ ಮಗುವಿಗೂ ಶಾಶ್ವತವಾಗಿ ವಂಚನೆಯಿಲ್ಲ. ಕಣ್ಣಿಗೆ ಕಾಣುವ ಮತ್ತೊಂದು ಅಳತೆಯೂ ಉಂಟು. 2003ರ ಕಾನೂನಿನಂತೆ ಶಿಕ್ಷಣ ಸಂಸ್ಥೆಗಳಿಂದ 100 ಗಜಗಳೊಳಗೆ ತಂಬಾಕು ಮಾರುವಂತಿಲ್ಲ. ಗಣಿತದ ಅವಧಿಯಲ್ಲಿ ವಿದ್ಯಾರ್ಥಿಗಳೇ ಟೇಪು ಹಿಡಿದು ಅಳೆದು, ಆ ಮಿತಿಯೊಳಗಿನ ಅಂಗಡಿಗಳ ಸಂಖ್ಯೆಯನ್ನು ವರ್ಷಕ್ಕೊಮ್ಮೆ ಬರೆದಿಡಬಹುದು. ಆ ಸಂಖ್ಯೆ ಇಳಿದಿರಲಿ, ಏರಿರಲಿ, ಇದ್ದಂತೆಯೇ ಇರಲಿ, ಬಹುಮಾನ ವಿಜೇತರ ಪಟ್ಟಿಯ ಪಕ್ಕದಲ್ಲಿ ಅದೂ ಅಚ್ಚಾಗಬೇಕು.