ಹಿಡಿತಗಾರನಿಗೆ ಬೆಲೆ ಬಂದ ಬಗೆ

ದಕ್ಷಿಣ ಕನ್ನಡದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳಲ್ಲಿ ಟ್ರೋಫಿಯ ಜೊತೆಗೆ ಮೂರು ವೈಯಕ್ತಿಕ ಬಹುಮಾನಗಳಿರುತ್ತವೆ: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ. ಮೈಕಿನಲ್ಲಿ ದಾಳಿಗಾರನ ಹೆಸರು ಬಂದರೆ ಸೀಟಿ, ಕೇಕೆ. ಹಿಡಿತಗಾರನ ಸರದಿ ಬರುವಷ್ಟರಲ್ಲಿ ಅರ್ಧ ಜನ ಬೈಕ್ ಸ್ಟಾರ್ಟ್ ಮಾಡಿರುತ್ತಾರೆ. ಬಹುಮಾನದ ಮೊತ್ತ ಒಂದೇ ಇದ್ದರೂ ಚಪ್ಪಾಳೆ ಒಂದೇ ಅಲ್ಲ.

ಟಿವಿ ಬಂದ ಮೇಲೂ ಈ ಭೇದ ಹೋಗಲಿಲ್ಲ. ಆದರೆ ಹಿಡಿತಗಾರನ ಹೆಸರಿಗೆ ಕೋಟಿ ರೂಪಾಯಿ ಕೂಗುವ ದಿನವೂ ಬಂತು. ಅದರ ಹಿಂದಿನ ಕಾರಣಗಳಲ್ಲಿ ಮುಖ್ಯವಾದದ್ದು ಲೆಕ್ಕ ಎಂದು ನನ್ನ ಅನಿಸಿಕೆ. ಯಾರು ಎಷ್ಟು ಹಿಡಿದರು ಎಂದು ಬರೆದಿಡಲು ಶುರುಮಾಡಿದ್ದು.

ಅಮೆರಿಕನ್ ಫುಟ್‌ಬಾಲ್‌ನಲ್ಲೂ ಹೀಗೇ ಆಗಿತ್ತು. ಎದುರಾಳಿ ತಂಡದ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮುನ್ನವೇ ನುಗ್ಗಿ ಕೆಡಹುವುದಕ್ಕೆ ಅಲ್ಲಿ ‘ಸ್ಯಾಕ್’ ಎನ್ನುತ್ತಾರೆ. ಆ ಹೆಸರನ್ನು ಜನಪ್ರಿಯಗೊಳಿಸಿದವರು ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಡೀಕನ್ ಜೋನ್ಸ್. 1961ರಿಂದ 1974ರವರೆಗೆ ಆಡಿ ಎದುರಾಳಿಗಳ ನಿದ್ದೆಗೆಡಿಸಿದ ಈ ಡಿಫೆಂಡರ್‌ನ ಅಧಿಕೃತ ಸ್ಯಾಕ್ ಸಂಖ್ಯೆ ಸೊನ್ನೆ. ಅಲ್ಲಿನ ಲೀಗ್ ಆದ ಎನ್‌ಎಫ್‌ಎಲ್ ಅದನ್ನು ಅಧಿಕೃತವಾಗಿ ಎಣಿಸತೊಡಗಿದ್ದೇ 1982ರಲ್ಲಿ.

ಕಬಡ್ಡಿಯಲ್ಲಿ ಈ ಎಣಿಕೆ ಇನ್ನೂ ತೊಡಕಿನದು. ರೈಡರ್ ಒಂದೇ ದಾಳಿಯಲ್ಲಿ ಮೂವರನ್ನು ಮುಟ್ಟಿ ಬಂದರೆ ಮೂರು ಅಂಕ, ಮೂರೂ ಅವನ ಹೆಸರಿಗೆ. ಅದೇ ರೈಡರ್‌ನನ್ನು ಐವರು ಸೇರಿ ಅಮುಕಿ ಹಿಡಿದರೂ ಸಿಗುವುದು ಒಂದೇ ಅಂಕ, ಅದೂ ಒಬ್ಬನ ಖಾತೆಗೆ. ಅಂಕಣದಲ್ಲಿ ಮೂವರೋ ಇನ್ನೂ ಕಡಿಮೆಯೋ ಉಳಿದಿದ್ದಾಗ ಹಿಡಿದರೆ ಮಾತ್ರ ಇನ್ನೊಂದು ಹೆಚ್ಚು. ಅದು ಸೂಪರ್ ಟ್ಯಾಕಲ್. ಒಂದು ಪಂದ್ಯದಲ್ಲಿ ರೈಡರ್‌ಗೆ ‘ಸೂಪರ್ 10’, ಡಿಫೆಂಡರ್‌ಗೆ ‘ಹೈ 5’ ಎಂದು ಪ್ರೊ ಕಬಡ್ಡಿ ಲೀಗ್ ಎರಡು ಮಟ್ಟ ಇಟ್ಟಿದ್ದು ಇದಕ್ಕೇ. ಐದು ಟ್ಯಾಕಲ್ ಅಂಕ ಗಳಿಸುವುದು ಎಷ್ಟು ಕಷ್ಟ ಎಂದು ಹಿಡಿತಗಾರರ ಸಾಲಿನ ತುದಿಯಲ್ಲಿ, ಅಂದರೆ ಕಾರ್ನರ್‌ನಲ್ಲಿ, ನಿಂತವನನ್ನೇ ಕೇಳಬೇಕು.

ಅವನು ನಿಲ್ಲುವ ಜಾಗ ನೋಡಿ. ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯಗೆರೆಯಿಂದ 3.75 ಮೀಟರ್ ಒಳಗೆ ಬಾಕ್ ಲೈನ್, ಅಲ್ಲಿಂದ ಒಂದು ಮೀಟರ್‌ಗೆ ಬೋನಸ್ ಗೆರೆ. ಆರು ಅಥವಾ ಏಳು ಮಂದಿ ಅಂಕಣದಲ್ಲಿದ್ದರೆ ರೈಡರ್‌ಗೆ ಬೋನಸ್ ಆಸೆ ಹುಟ್ಟುತ್ತದೆ. ಗೆರೆ ದಾಟಿದ ಕಾಲು ನೆಲ ಮುಟ್ಟುವಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು ಎಂಬುದು ನಿಯಮ. ಅಂದರೆ ಆ ಕ್ಷಣ ಇಡೀ ಮೈಭಾರ ಒಂದೇ ಪಾದದ ಮೇಲೆ. ಕಾರ್ನರ್ ಆಟಗಾರ ಕಾಯುವುದು ಅದನ್ನೇ. ಮೊಣಕಾಲು ಬಗ್ಗಿಸಿ, ಕಣ್ಣನ್ನು ರೈಡರ್‌ನ ಸೊಂಟದ ಮೇಲಿಟ್ಟು ಕಾದು, ಪಾದ ಊರಿದೊಡನೆ ಎರಡೂ ಕೈಯಿಂದ ಹರಡು ಹಿಡಿದು ತನ್ನ ಎದೆಗೆ ಎಳೆದುಕೊಳ್ಳಬೇಕು. ಬೇಗ ಹಾರಿದರೆ ರೈಡರ್ ಮೇಲಿಂದ ಜಿಗಿದು ಹೋಗುತ್ತಾನೆ, ತಡವಾದರೆ ಮುಟ್ಟಿಸಿಕೊಂಡು ಹೊರಗೆ ಕೂರಬೇಕು. ಹಿಡಿದಿಟ್ಟ ಅರೆಗಳಿಗೆಯಲ್ಲಿ ಪಕ್ಕದ ಕವರ್ ಆಟಗಾರ ಬಂದು ಗುದ್ದದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಕಾಯುವುದು ವಯಸ್ಸಿನೊಡನೆ ಪಳಗುವ ವಿದ್ಯೆ. ಅದಕ್ಕೇ ರೈಡರ್‌ಗಳಿಗಿಂತ ಒಳ್ಳೆಯ ಕಾರ್ನರ್‌ಗಳು ಹೆಚ್ಚು ಕಾಲ ಬಾಳುತ್ತಾರೆ.

ಹಿಂದೆ ಈ ವಿದ್ಯೆಗೆ ಸಿಗುತ್ತಿದ್ದ ಪ್ರತಿಫಲ ಒಂದು ಕೆಲಸ. ರೈಲ್ವೆ, ಬ್ಯಾಂಕು, ಪೊಲೀಸ್, ಸೇನೆಯಲ್ಲಿ ಕ್ರೀಡಾ ಕೋಟಾದ ನೌಕರಿ. ಆಟದಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಆಟದಿಂದ ಸಿಕ್ಕ ಕೆಲಸದಿಂದ ತುಂಬುತ್ತಿತ್ತು. 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಸೇರಿ ಭಾರತ ಸಾಲಾಗಿ ಚಿನ್ನ ಗೆದ್ದರೂ ಆಟಗಾರರ ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ. 2001ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ನಮ್ಮ ಬಿ.ಸಿ. ರಮೇಶ್ ಅವರನ್ನು ಆಗ ಬೆಂಗಳೂರಿನ ಬಸ್ಸಿನಲ್ಲಿ ಎಷ್ಟು ಜನ ಗುರುತು ಹಿಡಿಯುತ್ತಿದ್ದರೋ!

ಮಧ್ಯೆ ಒಂದು ತಮಾಷೆ ನಡೆಯಿತು. 2012ರಲ್ಲಿ ಅಮೆರಿಕನ್ ಫುಟ್‌ಬಾಲನ್ನೇ ಇಲ್ಲಿಗೆ ತರಲು ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಕಣಕ್ಕಿಳಿಯಿತು. ಬೆಂಗಳೂರಿಗೂ ವಾರ್‌ಹಾಕ್ಸ್ ಎಂಬ ತಂಡ ಸಿಕ್ಕಿತು. ಪಂದ್ಯಗಳು ನಡೆದದ್ದು ಮಾತ್ರ ಶ್ರೀಲಂಕಾದಲ್ಲಿ. ಹಣ ಹಾಕಿದವರಲ್ಲಿ ಒಬ್ಬರು ಬ್ರ್ಯಾಂಡನ್ ಛಿಲ್ಲರ್. ತಂದೆ ಭಾರತೀಯ ಮೂಲದವರು; ತಾನು ರ‍್ಯಾಮ್ಸ್ ಮತ್ತು ಗ್ರೀನ್ ಬೇ ಪ್ಯಾಕರ್ಸ್‌ಗೆ ಲೈನ್‌ಬ್ಯಾಕರ್, ಅಂದರೆ ಅಪ್ಪಟ ಡಿಫೆಂಡರ್. ಲೀಗ್ ನಿಲ್ಲಲಿಲ್ಲ. ಎರಡು ವರ್ಷದ ಬಳಿಕ ಇನ್ನೊಬ್ಬ ಛಿಲ್ಲರ್, ದೆಹಲಿ ಬಳಿಯ ನಿಜಾಮ್‌ಪುರದ ಮಂಜೀತ್, ಬೆಂಗಳೂರು ಬುಲ್ಸ್ ನಾಯಕನಾಗಿ ಮ್ಯಾಟ್‌ಗೆ ಇಳಿದರು. ಅವರದೂ ಎದುರಾಳಿಯನ್ನು ಕೆಡಹುವ ಕೆಲಸವೇ.

ಪ್ರೊ ಕಬಡ್ಡಿ ಶುರುವಾದದ್ದು 2014ರ ಜುಲೈ 26ರಂದು. ಆ ಮೊದಲ ಹರಾಜಿನ ಗರಿಷ್ಠ ಬೆಲೆ 12.80 ಲಕ್ಷ ರೂಪಾಯಿ, ರಾಕೇಶ್ ಕುಮಾರ್‌ಗೆ. ಬುಲ್ಸ್ ಪಾಳಯದಲ್ಲಿ ಆಗ 39 ವರ್ಷದ ಒಬ್ಬ ರೈಟ್ ಕಾರ್ನರ್ ಇದ್ದರು: ತಂಜಾವೂರು ಜಿಲ್ಲೆಯ ತಿರುಸನಂಪೂಂಡಿಯ ಧರ್ಮರಾಜ್ ಚೇರಲಾತನ್. ಕ್ರಿಕೆಟಿಗರು ಕಾಮೆಂಟರಿ ಬಾಕ್ಸ್ ಸೇರುವ ವಯಸ್ಸಿನಲ್ಲಿ ಈ ಮನುಷ್ಯನ ವೃತ್ತಿಪರ ಬದುಕು ಆರಂಭವಾಯಿತು. ಎಲ್ಲ ತಂಡದ ಹುಡುಗರಿಗೂ ಅವರು ‘ಅಣ್ಣ’. 2016ರ ಜುಲೈ 31ರಂದು ಹೈದರಾಬಾದಿನಲ್ಲಿ ಪಟ್ನಾ ಪೈರೇಟ್ಸ್ ಜೈಪುರವನ್ನು 37–29ರಿಂದ ಸೋಲಿಸಿ ಕಪ್ ಎತ್ತಿದಾಗ ನಾಯಕ ಚೇರಲಾತನ್, ವಯಸ್ಸು 41. ಅದೇ ತಂಡದ ಇನ್ನೊಂದು ಕಾರ್ನರ್‌ನ ಆಟಗಾರ ಇರಾನಿನ ಫಜಲ್ ಅತ್ರಾಚಲಿ, ವಯಸ್ಸು 24. ಅದೇ ಅಕ್ಟೋಬರ್‌ನಲ್ಲಿ ಅಹಮದಾಬಾದಿನಲ್ಲಿ ಇರಾನನ್ನು 38–29ರಿಂದ ಮಣಿಸಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲೂ ಅಣ್ಣ ಇದ್ದರು. 2019ರಲ್ಲಿ, 44ನೇ ವಯಸ್ಸಿನಲ್ಲಿ, ಹರಿಯಾಣ ಸ್ಟೀಲರ್ಸ್‌ಗೆ ನಾಯಕ. ಲೀಗ್ ಹತ್ತು ವರ್ಷ ಮುಂಚೆ ಬಂದಿದ್ದರೆ ಅವರ ಲೆಕ್ಕ ಎಲ್ಲಿಗೆ ಮುಟ್ಟುತ್ತಿತ್ತೋ ಊಹಿಸಿ. ಡೀಕನ್ ಜೋನ್ಸ್ ಕಥೆಯೇ ಇದು, ಆದರೆ ಇಲ್ಲಿ ವೃತ್ತಿಯ ಬಾಲವನ್ನಾದರೂ ಎಣಿಸಲು ಸಿಕ್ಕಿತು.

ಚೇರಲಾತನ್ ಅವರ ತಮಿಳುನಾಡಿನಲ್ಲೂ ಕನ್ನಡದ ಮನೆಗಳಿವೆ. ಕೊಯಮತ್ತೂರಿನಿಂದ ಅವಿನಾಶಿಯತ್ತ ಹೋಗುವ ಹೆದ್ದಾರಿಯಲ್ಲಿ ಕರುಮತ್ತಂಪಟ್ಟಿ, ಅದರ ಪಕ್ಕ ವಿದ್ಯುತ್ ಮಗ್ಗಗಳ ಸೋಮನೂರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ನೇಕಾರರಿರುವ ಜಿಲ್ಲೆ ಇದು. ಕಬಡ್ಡಿ ತಮಿಳುನಾಡಿನ ರಾಜ್ಯ ಕ್ರೀಡೆ. ಹಳಬರ ಬಾಯಲ್ಲಿ ಅದು ಸಡುಗುಡು. 2017ರಲ್ಲಿ ತಮಿಳ್ ತಲೈವಾಸ್ ಹುಟ್ಟಿದ ಮೇಲೆ ಇಂಥ ಮನೆಗಳಲ್ಲಿ ಬುಲ್ಸ್ ಬೇಕೋ ತಲೈವಾಸ್ ಬೇಕೋ ಎಂಬ ಜಗಳಕ್ಕೆ ಒಳ್ಳೆಯ ಅವಕಾಶ. ಚೇರಲಾತನ್ ವಿಷಯದಲ್ಲಿ ಮಾತ್ರ ಜಗಳ ಬೇಡ: ಬುಲ್ಸ್‌ಗೆ ಆಡಿದವರು ಅವರು, 2024ರಲ್ಲಿ ತಲೈವಾಸ್‌ನ ತರಬೇತುದಾರರ ಬಳಗ ಸೇರಿದವರೂ ಅವರೇ.

ಬೆಲೆ ಏರಿದ್ದು 2018ರಲ್ಲಿ. ಆ ಹರಾಜಿನಲ್ಲಿ ಯು ಮುಂಬಾ ಫಜಲ್‌ಗೆ ಒಂದು ಕೋಟಿ ಕೊಟ್ಟಿತು. ಲೀಗ್‌ನಲ್ಲಿ ಕೋಟಿ ಮುಟ್ಟಿದ ಮೊದಲಿಗ ರೈಡರ್ ಅಲ್ಲ, ಭಾರತೀಯನೂ ಅಲ್ಲ. ಲೆಫ್ಟ್ ಕಾರ್ನರ್‌ನಲ್ಲಿ ನಿಲ್ಲುವ ಇರಾನಿ. ಕೆಲವೇ ತಿಂಗಳಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27–18ರಿಂದ ಕೆಡವಿತು. ಏಳು ಚಿನ್ನ ತಂದಿದ್ದ ತಂಡ 18 ಅಂಕಕ್ಕೆ ನಿಂತದ್ದು ಎದುರಾಳಿಯ ಹಿಡಿತಕ್ಕೆ ಸಿಕ್ಕಿ. ಕೊಟ್ಟ ಕೋಟಿ ಯಾಕೆಂದು ಕೇಳಿದವರಿಗೆ ಅದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ. ಪ್ರೊ ಕಬಡ್ಡಿಯಲ್ಲಿ 500 ಟ್ಯಾಕಲ್ ಅಂಕ ದಾಟಿದ ಮೊದಲಿಗನೂ ಫಜಲ್.

ಮುಂದಿನದು ಅವರದೇ ದೇಶದ ಮೊಹಮ್ಮದ್‌ರೇಜಾ ಶಾದ್ಲೂಯಿ. 2023ರಲ್ಲಿ ಪುಣೇರಿ ಪಲ್ಟನ್ 2.35 ಕೋಟಿಗೆ ಕೊಂಡಿತು. ಹರಾಜಿನ ಪಟ್ಟಿಯಲ್ಲಿ ಅವರು ಆಲ್‌ರೌಂಡರ್, ನಮ್ಮ ಕರಾವಳಿಯ ಭಾಷೆಯಲ್ಲಿ ಸವ್ಯಸಾಚಿ. ಆದರೆ ಪಲ್ಟನ್ ಆ ಸೀಸನ್‌ನಲ್ಲಿ ಚಾಂಪಿಯನ್ ಆದದ್ದು ಅವರ ಹಿಡಿತದ ಬಲದಿಂದ. ತಂಡದ ಕೋಚ್ ಬಿ.ಸಿ. ರಮೇಶ್. ಮುಂದಿನ ವರ್ಷ ಶಾದ್ಲೂಯಿ 2.07 ಕೋಟಿಗೆ ಹರಿಯಾಣಕ್ಕೆ ಹೋದರು, ಕಪ್ಪೂ ಅಲ್ಲಿಗೇ ಹೋಯಿತು. 2025ರಲ್ಲಿ ರಮೇಶ್ ಬುಲ್ಸ್‌ಗೆ ಕೋಚ್ ಆಗಿ ಊರಿಗೆ ಮರಳಿದರು.

ಇದೆಲ್ಲ ಗಂಡಸರ ಲೆಕ್ಕ. ಕಾರ್ಕಳದ ಮಮತಾ ಪೂಜಾರಿ ನಾಯಕತ್ವದಲ್ಲಿ ಭಾರತದ ಮಹಿಳೆಯರು 2012ರಲ್ಲೇ ಪಟ್ನಾದಲ್ಲಿ ವಿಶ್ವಕಪ್ ಗೆದ್ದಿದ್ದರು. 2016ರಲ್ಲಿ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಫೈನಲ್‌ನಲ್ಲಿ ಮಮತಾ ಅವರ ಫೈರ್ ಬರ್ಡ್ಸ್ ವಿರುದ್ಧ ತೇಜಸ್ವಿನಿ ಬಾಯಿ ಅವರ ಸ್ಟಾರ್ಮ್ ಕ್ವೀನ್ಸ್ ಗೆದ್ದದ್ದು 24–23ರಿಂದ. ಎರಡೂ ತಂಡಕ್ಕೆ ಕರ್ನಾಟಕದವರೇ ನಾಯಕಿಯರು. ಹೈದರಾಬಾದಿನಲ್ಲಿ ಚೇರಲಾತನ್ ಕಪ್ ಎತ್ತಿದ ದಿನವೇ ಆ ಪಂದ್ಯ. ಪ್ರೊ ಕಬಡ್ಡಿಯ ಜೊತೆಗೆ ಆ ಟೂರ್ನಿ ಮತ್ತೆ ನಡೆಯಲಿಲ್ಲ. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಚೈನೀಸ್ ತೈಪೆಯನ್ನು 35–28ರಿಂದ ಸೋಲಿಸಿ ಮಹಿಳೆಯರು ಮತ್ತೊಂದು ವಿಶ್ವಕಪ್ ತಂದರು. ಅಲ್ಲಿ ಕಾರ್ನರ್ ಕಾದವರಿಗೆ ಎಷ್ಟು ಬೆಲೆ ಎಂದು ಪ್ರೊ ಕಬಡ್ಡಿಯ ಹರಾಜಿನಲ್ಲಿ ಯಾರೂ ಕೂಗಿಲ್ಲ.