ನೆರಳಿಗೆ ಸೋಲುವ ವಿಲೋ

ಕ್ರಿಕೆಟ್ ಬ್ಯಾಟಿನಿಂದಾಗಿ ನಮಗೆ ಹೆಸರು ಗೊತ್ತಿರುವ ವಿಲೋ ಹೊಳೆದಂಡೆಯ ಮರ. ಕಾಲಬುಡದಲ್ಲಿ ನೀರು, ಫಲವತ್ತಾದ ಮಣ್ಣು ಇದ್ದರೆ ಅದಕ್ಕೆ ಇನ್ನೇನು ಬೇಕು ಎನಿಸುವುದು ಸಹಜ. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಬಳಿ ಹರಿಯುವ ತಾನನಾ ನದಿಯ ದಂಡೆ ಬೇರೆಯದೇ ಕಥೆ ಹೇಳುತ್ತದೆ. ಪ್ರವಾಹ ಇಳಿದಾಗ ಉಳಿಯುವ ಬೋಳು ಮೆಕ್ಕಲು ದಿಬ್ಬಕ್ಕೆ ಮೊದಲು ಬರುವವುಗಳಲ್ಲಿ ವಿಲೋ ಒಂದು. ಅದರ ಬೀಜ ಒಂದೆರಡು ಮಿಲಿಮೀಟರಿನಷ್ಟು, ಬೆನ್ನಿಗೆ ಹತ್ತಿಯಂಥ ಕುಚ್ಚು. ಮೊಳಕೆಗೆಂದು ಕೂಡಿಟ್ಟ ಆಹಾರ ಒಳಗೆ ಇಲ್ಲವೆಂದೇ ಹೇಳಬೇಕು. ಹಸಿ ಮಣ್ಣಿಗೆ ಬಿದ್ದ ಒಂದೆರಡು ದಿನಗಳಲ್ಲೇ ಅದು ಮೊಳೆಯುತ್ತದೆ, ಆ ಪುಟ್ಟ ಬೀಜದಳಗಳು ಕೂಡಲೇ ಬಿಸಿಲು ಹಿಡಿದು ದುಡಿಯಬೇಕು. ಕೆಲವು ವರ್ಷಗಳಲ್ಲಿ ಆಲ್ಡರ್ ಎಂಬ ಇನ್ನೊಂದು ಗಿಡ ಅಲ್ಲಿ ದಟ್ಟವಾಗುತ್ತದೆ. ನಮ್ಮ ತೊಗರಿ, ಹುರುಳಿಯ ಹಾಗೆ ಆಲ್ಡರಿನ ಬೇರುಗಂಟುಗಳಲ್ಲೂ ಬ್ಯಾಕ್ಟೀರಿಯಾಗಳಿದ್ದು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಸಾರಜನಕದ ಬಡತನವಿದ್ದ ದಿಬ್ಬದಲ್ಲಿ ಇದರಿಂದ ವಿಲೋ ಕೊಬ್ಬಬೇಕಿತ್ತು. ಆದರೆ ಆಲ್ಡರಿನ ನೆರಳಿನಲ್ಲಿ ಅದು ಸೊರಗುತ್ತದೆ.

ಕಾರಣ ಎಲೆಯಲ್ಲಿದೆ. ನೆರಳಿನಲ್ಲಿ ಬೆಳೆದ ವಿಲೋ ಎಲೆ ತೆಳು, ತೂಕಕ್ಕೆ ಹೋಲಿಸಿದರೆ ಅಗಲ. ಸಿಕ್ಕಷ್ಟು ಬೆಳಕನ್ನು ಬಾಚಿಕೊಳ್ಳುವ ಈ ಏರ್ಪಾಟಿನಲ್ಲಿ ದ್ಯುತಿಸಂಶ್ಲೇಷಣೆಯ ಗರಿಷ್ಠ ಸಾಮರ್ಥ್ಯ ಕುಗ್ಗುತ್ತದೆ. ಮೇಲಿನ ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡು ದೂರಗೆಂಪು (far-red) ಬೆಳಕನ್ನು ಕೆಳಕ್ಕೆ ಬಿಡುತ್ತವೆ. ಫೈಟೋಕ್ರೋಮ್ ಎಂಬ ವರ್ಣಕ ಈ ವ್ಯತ್ಯಾಸವನ್ನು ಗುರುತಿಸಿದೊಡನೆ ಗಿಡ ಬೇರಿನ ಪಾಲನ್ನು ಕಡಿತಗೊಳಿಸಿ ಕಾಂಡವನ್ನು ಎತ್ತರಕ್ಕೆ ಎಳೆಯುತ್ತದೆ. ನೆರಳನ್ನು ದಾಟಿದರೆ ಬದುಕು, ದಾಟದಿದ್ದರೆ ಬೇರೂ ಬಡಕಲು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ರಕ್ಷಣೆಯ ನಷ್ಟ. ಆಸ್ಪಿರಿನ್ನಿನ ಹಿರಿಯ ಬಂಧುವಾದ ಸ್ಯಾಲಿಸಿನ್‌ನಂಥ ಕಹಿ ಫೀನಾಲಿಕ್ ವಸ್ತುಗಳನ್ನು ವಿಲೋ ತಯಾರಿಸುವುದು ಇಂಗಾಲದಿಂದ. ನೆರಳು ಹಾಕಿ ಬೆಳೆಸಿದ ಪ್ರಯೋಗಗಳಲ್ಲಿ ಇಂಥ ವಸ್ತುಗಳು ತಗ್ಗಿವೆ, ಎಲೆ ತಿನ್ನುವ ಜೀರುಂಡೆಗಳಿಗೆ ಅಂಥ ಎಲೆ ಹೆಚ್ಚು ರುಚಿಸಿದೆ. ಹಸಿದ ಗಿಡವೇ ನಿರಾಯುಧವೂ ಆಗುತ್ತದೆ.

ವಿಲೋವನ್ನು ಮುಗಿಸುವುದು ನೆರಳಲ್ಲ, ಮೂಸ್ ಕಡವೆ ಮತ್ತು ಹಿಮಮೊಲ ಎಂದು ಯಾರಾದರೂ ವಾದಿಸಬಹುದು. ಅವು ಆಲ್ಡರನ್ನು ಬಿಟ್ಟು ವಿಲೋವನ್ನೇ ಮೇಯುವುದು ನಿಜ. ಆದರೆ ಸ್ವೀಡನ್ನಿನ ರೈತರು ಉರುವಲಿಗಾಗಿ ಮೂರುನಾಲ್ಕು ವರ್ಷಕ್ಕೊಮ್ಮೆ ಬುಡಮಟ್ಟ ಕತ್ತರಿಸಿದ ವಿಲೋ ಬಯಲಿನಲ್ಲಿ ಮತ್ತೆ ಚಿಗುರಿ ನಿಲ್ಲುತ್ತದೆ. ಬಿಸಿಲಿದ್ದರೆ ಅದು ಗಾಯವನ್ನು ತಾಳಬಲ್ಲದು. ಮೇವಿನಿಂದ ಕುಳ್ಳಗಾದದ್ದು ಆಲ್ಡರಿನ ಅಡಿಗೆ ಸಿಕ್ಕಿಕೊಂಡಾಗ ಮಾತ್ರ ಏಳದು. ಬೇರುಗಳ ಪೈಪೋಟಿಗೂ ಇದರಲ್ಲಿ ಪಾಲಿದೆ, ಅದನ್ನು ಅಲ್ಲಗಳೆಯಲಾರೆ. ಒಣ ಮಧ್ಯಾಹ್ನ ಎಳೆಸಸಿಗೆ ತುಸು ನೆರಳು ಹಿತವೆಂಬುದೂ ಸರಿಯೇ, ಅದು ಕೆಲವು ಗಂಟೆಗಳ ಮಾತು. ಇಡೀ ಬೇಸಿಗೆಯ ನೆರಳು ಬೇರೆ. ಹೀಗಾಗಿ ದಂಡೆಯ ಹಳೆಯ ಮರಗಳ ಕೆಳಗೆ ವಿಲೋ ಕಡ್ಡಿ ನೆಟ್ಟು ನದಿಯನ್ನು ಪುನಶ್ಚೇತನಗೊಳಿಸುವ ಯೋಜನೆಗಳ ಬಗ್ಗೆ ನನಗೆ ಅನುಮಾನ. ಅಣೆಕಟ್ಟೆಯಿಂದ ಪ್ರವಾಹ ನಿಂತ ಅಮೆರಿಕದ ಹಲವು ಪಶ್ಚಿಮ ನದಿಗಳಲ್ಲಿ ಹೊಸ ಬೋಳು ದಿಬ್ಬಗಳು ಮೂಡುವುದೇ ಅಪರೂಪವಾಗಿ, ಬೀಜ ಹಾರಿ ಬಂದರೂ ಬಿಸಿಲು ಬೀಳುವ ಹಸಿ ನೆಲ ಅದಕ್ಕೆ ಸಿಗುತ್ತಿಲ್ಲ.