ಪಾತ್ರಗಳ ಬಲಾಬಲ ಪರಿವರ್ತನೆ ಮತ್ತು ಆಟಗಾರರ ಅಸಮಾಧಾನ

೧

ಚದುರಂಗದಲ್ಲಿ ಉಭಯ ಪಕ್ಷಗಳಿಗೂ ಒಂದೇ ಬಗೆಯ ಕಾಯಿಗಳು ಒಂದೇ ಸಂಖ್ಯೆಯಲ್ಲಿ ದೊರೆಯುತ್ತವೆ. ಆದುದರಿಂದ ಮಂತ್ರಿಯ ಬಲವು ಕಾಲಾಳಿನ ಬಲಕ್ಕಿಂತ ಎಷ್ಟೇ ಹೆಚ್ಚಾಗಿರಲಿ, ಆಟದ ನ್ಯಾಯಕ್ಕೆ ಭಂಗವುಂಟಾಗುವುದಿಲ್ಲ. ಇಂದಿನ ಸ್ಪರ್ಧಾತ್ಮಕ ಆನ್‌ಲೈನ್ ಆಟಗಳ ಸ್ಥಿತಿ ಬೇರೆ. ಅಲ್ಲಿ ಪ್ರತಿಯೊಬ್ಬ ಆಟಗಾರನೂ ಹಲವು ಪಾತ್ರಗಳಲ್ಲಿ ಒಂದನ್ನು ತಾನೇ ಆರಿಸಿಕೊಳ್ಳುತ್ತಾನೆ. ಒಂದು ಪಾತ್ರವು ಮಿಕ್ಕವುಗಳಿಗಿಂತ ಅತಿ ಪ್ರಬಲವಾದರೆ ಎಲ್ಲರೂ ಅದನ್ನೇ ಹಿಡಿಯುವರು; ಉಳಿದವು ಹೆಸರಿಗೆ ಮಾತ್ರ ಉಳಿಯುವುವು. ಇದನ್ನು ತಡೆಯುವುದಕ್ಕಾಗಿ ನಿರ್ಮಾಪಕರು ಆಗಾಗ ಪಾತ್ರಗಳ ಶಕ್ತಿಯನ್ನು ತಿದ್ದುತ್ತಾರೆ. ಶಕ್ತಿಯನ್ನು ಹೆಚ್ಚಿಸುವುದಕ್ಕೆ ಆಟಗಾರರ ಬಳಕೆಯಲ್ಲಿ ‘ಬಫ್’ ಎಂದೂ, ತಗ್ಗಿಸುವುದಕ್ಕೆ ‘ನರ್ಫ್’ ಎಂದೂ ಹೆಸರು. ಎರಡನೆಯ ಮಾತು ಮೆತ್ತನೆಯ ಸ್ಪಂಜಿನ ಗುಂಡು ಹಾರಿಸುವ ಆಟಿಕೆಗಳ ವ್ಯಾಪಾರನಾಮದಿಂದ ಬಂದದ್ದು. ಕೈಯಲ್ಲಿದ್ದ ನಿಜವಾದ ಆಯುಧವನ್ನು ಆಟಿಕೆಯಾಗಿ ಮಾಡಿಬಿಟ್ಟರೆಂಬ ನೋವು ಆ ಹೆಸರಿನಲ್ಲಿಯೇ ಅಡಗಿದೆ.

ಇಂಥ ಪರಿವರ್ತನೆಗಳಾದಾಗಲೆಲ್ಲ ಆಟಗಾರರಲ್ಲಿ ತೀವ್ರವಾದ ಅಸಮಾಧಾನ ತೋರಿಬರುತ್ತದೆ. ಇದನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವವರಿದ್ದಾರೆ. ನಿರ್ಮಾಪಕರ ಲೆಕ್ಕ ತಪ್ಪಿತೆಂಬುದಕ್ಕೆ ಇದೇ ಸಾಕ್ಷಿಯೆನ್ನುವವರೂ ಇದ್ದಾರೆ. ಇವೆರಡೂ ಅವಸರದ ತೀರ್ಮಾನಗಳೆಂದು ನಾವು ಭಾವಿಸುತ್ತೇವೆ. ಲೆಕ್ಕವು ಸರಿಯಾಗಿದ್ದರೂ ದೂರು ನ್ಯಾಯವಾಗಿರುವುದು ಸಾಧ್ಯ. ಇದು ಹೇಗೆಂಬುದನ್ನು ಓವರ್‌ವಾಚ್ ಎಂಬ ಆಟದ ಉದಾಹರಣೆಯಿಂದ ತೋರಿಸುವುದು ಈ ಲೇಖನದ ಉದ್ದೇಶ.

೨

ಓವರ್‌ವಾಚ್ ಆಟವನ್ನು ಅಮೆರಿಕದ ಬ್ಲಿಜಾರ್ಡ್ ಎಂಟರ್‌ಟೈನ್‌ಮೆಂಟ್ ಸಂಸ್ಥೆಯು ೨೦೧೬ರ ಮೇ ೨೪ರಂದು ಹೊರತಂದಿತು. ಆಗ ಅದರಲ್ಲಿ ೨೧ ಪಾತ್ರಗಳಿದ್ದವು. ಪಂದ್ಯವೊಂದರಲ್ಲಿ ಆರು ಮಂದಿಯ ಎರಡು ತಂಡಗಳು ಸೆಣಸುತ್ತಿದ್ದವು. ಮರ್ಸಿ ಎಂಬುದು ಗಾಯಗೊಂಡ ಸಂಗಡಿಗರನ್ನು ಗುಣಪಡಿಸುವ ಪಾತ್ರ. ಪ್ರತಿ ಪಾತ್ರಕ್ಕೂ ನಿಧಾನವಾಗಿ ಸಂಚಯವಾಗುವ ಒಂದು ಪರಮಶಕ್ತಿ ಉಂಟು. ಮರ್ಸಿಯ ಪರಮಶಕ್ತಿಯು ತನ್ನ ಸಮೀಪದಲ್ಲಿ ಸತ್ತುಬಿದ್ದ ಸಂಗಡಿಗರನ್ನೆಲ್ಲ ಒಮ್ಮೆಗೇ ಬದುಕಿಸುವುದಾಗಿತ್ತು.

ಈ ಶಕ್ತಿಯಿಂದ ಎರಡು ಅನರ್ಥಗಳುಂಟಾದವು. ಮರ್ಸಿಯನ್ನು ಆಡುವವರು ಸಂಗಡಿಗರ ನೆರವಿಗೆ ನಿಲ್ಲುವುದನ್ನು ಬಿಟ್ಟು, ಮರೆಯಲ್ಲಿ ಅಡಗಿ, ಅವರೆಲ್ಲ ಸಾಯುವವರೆಗೆ ಕಾಯತೊಡಗಿದರು. ಇತ್ತ ಎದುರು ತಂಡದ ಆರು ಮಂದಿ ಶ್ರಮಪಟ್ಟು ಗಳಿಸಿದ ಮೇಲುಗೈ ಕ್ಷಣಾರ್ಧದಲ್ಲಿ ನಷ್ಟವಾಗುತ್ತಿತ್ತು. ಆಟದ ಆಗಿನ ನಿರ್ದೇಶಕರಾದ ಜೆಫ್ ಕ್ಯಾಪ್ಲನ್ ಅವರು ಇದನ್ನು ಬಹಿರಂಗವಾಗಿಯೇ ವಿವರಿಸಿದರು. ೨೦೧೭ರ ಸೆಪ್ಟೆಂಬರಿನಲ್ಲಿ ಪಾತ್ರವನ್ನು ಬದಲಾಯಿಸಲಾಯಿತು. ಪುನರ್ಜೀವನವು ಪರಮಶಕ್ತಿಯಾಗಿ ಉಳಿಯಲಿಲ್ಲ. ಮೂವತ್ತು ಸೆಕೆಂಡುಗಳಿಗೊಮ್ಮೆ ಒಬ್ಬರನ್ನು ಮಾತ್ರ ಬದುಕಿಸಬಲ್ಲ ಸಾಮಾನ್ಯ ಶಕ್ತಿಯಾಯಿತು. ಹಾರಾಡುತ್ತ ಹಲವರನ್ನು ಏಕಕಾಲಕ್ಕೆ ಗುಣಪಡಿಸುವ ‘ವಾಲ್ಕಿರಿ’ ಎಂಬುದು ಹೊಸ ಪರಮಶಕ್ತಿಯಾಗಿ ಬಂದಿತು.

ಮುಂದೆ ನಡೆದದ್ದು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಹೊಸ ಮರ್ಸಿಯು ಹಳೆಯದಕ್ಕಿಂತ ದುರ್ಬಲವಾಗಲಿಲ್ಲ, ಅತ್ಯಂತ ಪ್ರಬಲವಾಯಿತು. ಆ ಪಾತ್ರವಿಲ್ಲದ ತಂಡವೇ ಅಪರೂಪವೆನ್ನುವಂತಾಯಿತು. ಆದರೂ ಹಳೆಯ ಮರ್ಸಿಯಲ್ಲಿ ನುರಿತವರಲ್ಲಿ ಅನೇಕರು ತಮ್ಮ ಪಾತ್ರವನ್ನು ಕಳೆದುಕೊಂಡೆವೆಂದು ದೂರಿದರು. ಅಸಮಾಧಾನಕ್ಕೆ ಬಲಹಾನಿಯೊಂದೇ ಕಾರಣವಾಗಿದ್ದರೆ, ಬಲ ಹೆಚ್ಚಿದಾಗ ದೂರು ಹುಟ್ಟಬಾರದಿತ್ತು. ಅನಂತರ ಮರ್ಸಿಯ ಬಲವನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸಲಾಯಿತು: ೨೦೧೭ರ ನವೆಂಬರಿನಲ್ಲಿ ಪುನರ್ಜೀವನಕ್ಕೆ ೧.೭೫ ಸೆಕೆಂಡುಗಳ ಕಾಲಾವಕಾಶ ಬೇಕೆಂದಾಯಿತು. ೨೦೧೮ರಲ್ಲಿ, ಸೆಕೆಂಡಿಗೆ ೬೦ರಷ್ಟಿದ್ದ ಗುಣಪಡಿಸುವ ಪ್ರಮಾಣವು ೫೦ಕ್ಕೆ ಇಳಿಯಿತು. ಆಗಲೂ ದೂರುಗಳೆದ್ದವು, ಆದರೆ ಅವುಗಳ ಸ್ವರೂಪವೇ ಬೇರೆ.

೩

ಈ ಭೇದವನ್ನು ಸ್ಪಷ್ಟಪಡಿಸಲು ಪರಿವರ್ತನೆಗಳನ್ನು ಪ್ರಮಾಣಭೇದ, ಪ್ರಕಾರಭೇದ ಎಂದು ಎರಡಾಗಿ ವಿಂಗಡಿಸುವುದು ಉಪಯುಕ್ತ. ೬೦ ಎಂಬುದು ೫೦ ಆಗುವುದು ಪ್ರಮಾಣಭೇದ. ಇದರಿಂದ ಫಲ ಕಡಮೆಯಾಗುತ್ತದೆಯೇ ಹೊರತು ಕೈಗೆ ಕುದುರಿದ ಅಭ್ಯಾಸ ವ್ಯರ್ಥವಾಗುವುದಿಲ್ಲ. ಯಾವ ಕ್ಷಣದಲ್ಲಿ ಪುನರ್ಜೀವನವನ್ನು ಪ್ರಯೋಗಿಸಬೇಕೆಂಬ ವಿವೇಚನೆಯನ್ನೇ ತಮ್ಮ ಕೌಶಲವಾಗಿ ಬೆಳೆಸಿಕೊಂಡವರಿಗೆ ಆ ವಿವೇಚನೆಯೇ ಬೇಡವಾಗುವುದು ಪ್ರಕಾರಭೇದ. ಇಲ್ಲಿ ಪಾತ್ರದ ಹೆಸರು, ರೂಪ, ಧ್ವನಿ ಎಲ್ಲವೂ ಉಳಿಯುತ್ತವೆ. ಅದರೊಡನೆ ಬೆಳೆದ ವಿದ್ಯೆ ಮಾತ್ರ ಉಳಿಯುವುದಿಲ್ಲ.

ಸಿಮೆಟ್ರಾ ಎಂಬ ಪಾತ್ರದಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ಕಥೆಯ ಪ್ರಕಾರ ಈಕೆ ನಮ್ಮ ಹೈದರಾಬಾದಿನವಳು. ಈಕೆಯ ಆಯುಧದ ಕಿರಣವು ಮೊದಲು ತಾನಾಗಿಯೇ ಶತ್ರುವನ್ನು ಹಿಡಿಯುತ್ತಿತ್ತು. ಗುರಿಯಿಡುವುದರಲ್ಲಿ ಚುರುಕಿಲ್ಲದವರೂ ಸ್ಥಳದ ಆಯ್ಕೆ, ಪೂರ್ವಸಿದ್ಧತೆ, ಉಪಾಯಗಳಿಂದ ಈ ಪಾತ್ರದಲ್ಲಿ ಗೆಲ್ಲಬಹುದಾಗಿತ್ತು. ೨೦೧೮ರ ಜೂನಿನ ಪರಿವರ್ತನೆಯಿಂದ ಆಕೆ ನೆರವಿನ ಪಾತ್ರಗಳ ವರ್ಗವನ್ನು ಬಿಟ್ಟು ಆಕ್ರಮಣದ ವರ್ಗಕ್ಕೆ ಸೇರಿದಳು. ಕಿರಣವನ್ನು ಕೈಯಾರೆ ಗುರಿಯಿಡಬೇಕಾಯಿತು. ಯಾವ ನ್ಯೂನತೆಯ ಕಾರಣದಿಂದ ಒಬ್ಬರು ಈ ಪಾತ್ರವನ್ನು ಆಶ್ರಯಿಸಿದ್ದರೋ ಆ ನ್ಯೂನತೆಯೇ ಈಗ ಅಡ್ಡಿಯಾಯಿತು. ಬೇಕಾದಷ್ಟು ಬೇರೆ ಪಾತ್ರಗಳಿವೆಯಲ್ಲ ಎಂಬ ಸಮಾಧಾನ ಇಂಥವರಿಗೆ ಒಪ್ಪಿತವಾಗದು. ವೀಣೆಯನ್ನು ಕಸಿದುಕೊಂಡು ಪಿಟೀಲನ್ನು ಕೊಟ್ಟರೆ ವಾದ್ಯಗಳ ಲೆಕ್ಕ ಸರಿಹೋದೀತು. ಬೆರಳುಗಳ ಲೆಕ್ಕ ಸರಿಹೋಗದು.

ಕಳೆದುಕೊಂಡದ್ದರ ನೋವು ಅಷ್ಟನ್ನೇ ಪಡೆದುದರ ಸಂತೋಷಕ್ಕಿಂತ ಅಧಿಕವೆಂಬ ತತ್ತ್ವವನ್ನು ಕಾಹ್ನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ೧೯೭೯ರಲ್ಲಿ ಪ್ರತಿಪಾದಿಸಿದರು. ಪ್ರಮಾಣಭೇದದಿಂದ ಹುಟ್ಟುವ ದೂರುಗಳನ್ನು ಈ ತತ್ತ್ವವು ಬಹುಮಟ್ಟಿಗೆ ವಿವರಿಸುತ್ತದೆ. ಪ್ರಕಾರಭೇದದಿಂದ ಹುಟ್ಟುವ ದೂರಿಗೆ ಅದು ಸಾಲದು. ಅಲ್ಲಿ ನಷ್ಟವು ಭ್ರಮೆಯೂ ಅಲ್ಲ, ಉತ್ಪ್ರೇಕ್ಷೆಯೂ ಅಲ್ಲ. ಅಭ್ಯಾಸಕ್ಕೆ ವ್ಯಯಿಸಿದ ಕಾಲವು ನಿಜವಾಗಿಯೇ ನಷ್ಟವಾಗಿದೆ.

೪

ಹಾಗಾದರೆ ನಿರ್ಮಾಪಕರು ಪಾತ್ರಗಳನ್ನು ಮುಟ್ಟದೆ ಬಿಡಬೇಕೇ? ಬಿಡಲಾಗದು. ಬದಲಾವಣೆಯಿಂದ ನೊಂದವರ ಧ್ವನಿ ಕೇಳಿಸುವಂತೆ, ಬದಲಾವಣೆಯಿಲ್ಲದ್ದರಿಂದ ನೊಂದವರ ಧ್ವನಿ ಸುಲಭವಾಗಿ ಕೇಳಿಸುವುದಿಲ್ಲ. ೨೦೧೮ರ ಮಾರ್ಚಿಯಲ್ಲಿ ಬ್ರಿಜಿಟ್ ಎಂಬ ಹೊಸ ಪಾತ್ರ ಬಂದ ಮೇಲೆ, ಮೂವರು ರಕ್ಷಕರು, ಮೂವರು ಗುಣಪಡಿಸುವವರು ಎಂಬ ತಂಡರಚನೆಯು ವೃತ್ತಿಪರ ಪಂದ್ಯಗಳನ್ನು ಆಕ್ರಮಿಸಿತು. ಆಕ್ರಮಣದ ಪಾತ್ರಗಳಲ್ಲಿ ಪಳಗಿದ ನಿಪುಣರು ತಮ್ಮದಲ್ಲದ ಪಾತ್ರಗಳನ್ನು ಆಡಬೇಕಾಯಿತು, ಇಲ್ಲವೆ ಸುಮ್ಮನೆ ಕುಳಿತುಕೊಳ್ಳಬೇಕಾಯಿತು. ಅಂಕಿಗಳ ತಿದ್ದುಪಡಿಯಿಂದ ಇದು ಸರಿಹೋಗದಿರಲು, ೨೦೧೯ರಲ್ಲಿ ಪ್ರತಿ ವರ್ಗಕ್ಕೆ ಇಬ್ಬರಂತೆ ತಂಡ ಇರತಕ್ಕದ್ದೆಂಬ ನಿಯಮವನ್ನು ವಿಧಿಸಲಾಯಿತು.

ಸಮತೋಲನದ ಲೆಕ್ಕವೂ ಸರಳವಾದುದಲ್ಲ. ೨೦೧೬ರ ಜುಲೈಯಲ್ಲಿ ಟೋರ್ಬಿಯೋರ್ನ್ ಎಂಬ ಪಾತ್ರವು ನಿಲ್ಲಿಸುವ ಸ್ವಯಂಚಾಲಿತ ಬಂದೂಕಿನ ಹೊಡೆತವನ್ನು ಶೇಕಡ ೩೦ರಷ್ಟು ತಗ್ಗಿಸಲಾಯಿತು. ಆದರೆ ಗೇಮ್ ಕನ್ಸೋಲ್‌ಗಳಲ್ಲಿ ಮಾತ್ರ. ಕಂಪ್ಯೂಟರಿನ ಮೌಸ್‌ನಿಂದ ಗುರಿಯಿಡುವಷ್ಟು ಸುಲಭವಾಗಿ ಕನ್ಸೋಲಿನ ಹಿಡಿಕೆಯಿಂದ ಗುರಿಯಿಡಲಾಗದುದರಿಂದ, ಅದೇ ಬಂದೂಕು ಅಲ್ಲಿ ಹೆಚ್ಚು ಭಯಂಕರವಾಗಿತ್ತು. ಪಾತ್ರದ ಬಲವು ಪಾತ್ರದಲ್ಲಿಯೇ ನೆಲೆಸಿರುವ ಗುಣವಲ್ಲ, ಆಡುವವರ ಹಾಗೂ ಎದುರಿಸುವವರ ಸಾಮರ್ಥ್ಯದೊಡನೆ ಸೇರಿ ಉಂಟಾಗುವುದೆಂಬುದು ಇದರಿಂದ ಸಿದ್ಧವಾಗುತ್ತದೆ. ಆದುದರಿಂದ ನೂರು ಪಂದ್ಯಗಳಲ್ಲಿ ಐವತ್ತು ಗೆಲವು ಎಂಬ ಸರಾಸರಿಯು ನವಶಿಷ್ಯರ ಮತ್ತು ನಿಪುಣರ ಭಿನ್ನಾನುಭವಗಳನ್ನು ಮುಚ್ಚಿಬಿಡಬಲ್ಲುದು.

೫

ಪರಿವರ್ತನೆ ಅನಿವಾರ್ಯವೆಂದಮೇಲೆ, ಅಸಮಾಧಾನದ ಮತ್ತೊಂದು ಮೂಲವನ್ನು ಪರಿಶೀಲಿಸಬೇಕು. ಅದು ಪರಿವರ್ತನೆಯ ವಿಧಾನಕ್ಕೆ ಸೇರಿದ್ದು.

ಚದುರಂಗದ ನಡೆಗಳೂ ಬದಲಾದುವೇ. ಮಂತ್ರಿಯು ಹಿಂದೆ ಓರೆಯಾಗಿ ಒಂದೇ ಮನೆ ನಡೆಯುತ್ತಿತ್ತು. ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನಲ್ಲಿ ಅದಕ್ಕೆ ಇಂದಿನ ದೂರಗಾಮಿ ನಡೆ ಬಂದಿತು. ಆದರೆ ಹೊಸ ಪದ್ಧತಿಯು ಹಳೆಯದನ್ನು ಒಂದೇ ರಾತ್ರಿಯಲ್ಲಿ ಅಳಿಸಲಿಲ್ಲ. ಭಾರತದಲ್ಲಿ ದೇಶೀ ಪದ್ಧತಿಗಳು ಇಪ್ಪತ್ತನೆಯ ಶತಮಾನದವರೆಗೂ ಉಳಿದುಬಂದವು. ೧೯೨೯ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ ಮೀರ್ ಸುಲ್ತಾನ್ ಖಾನ್ ಅವರು ಮೊದಲು ಕಲಿತದ್ದು ದೇಶೀ ಪದ್ಧತಿಯ ಆಟವನ್ನೇ. ಹಲಗೆಯೂ ಕಾಯಿಗಳೂ ಆಡುವವರ ಮನೆಯಲ್ಲಿಯೇ ಇದ್ದುದರಿಂದ, ಹೊಸ ನಿಯಮವನ್ನು ಒಪ್ಪದವರು ಹಳೆಯದನ್ನು ಆಡಿಕೊಂಡಿರಬಹುದಾಗಿತ್ತು.

ಆನ್‌ಲೈನ್ ಆಟದ ಹಲಗೆಯು ಸಂಸ್ಥೆಯ ಸರ್ವರ್‌ನಲ್ಲಿದೆ. ಅಲ್ಲಿ ನಿಯಮ ಬದಲಾದ ಕ್ಷಣವೇ ಹಿಂದಿನ ಆಟವು ಜಗತ್ತಿನಲ್ಲಿ ಎಲ್ಲಿಯೂ ಇರುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಆಲ್ಬರ್ಟ್ ಹಿರ್ಶ್‌ಮನ್ ಅವರು ೧೯೭೦ರ ತಮ್ಮ ಗ್ರಂಥದಲ್ಲಿ, ಸಂಸ್ಥೆಯೊಂದರ ಬಗ್ಗೆ ಅತೃಪ್ತರಾದವರಿಗೆ ಹೊರನಡೆಯುವುದು, ಧ್ವನಿಯೆತ್ತುವುದು ಎಂಬ ಎರಡು ಮಾರ್ಗಗಳಿವೆಯೆಂದೂ, ನಿಷ್ಠೆಯುಳ್ಳವರು ಬೇಗನೆ ಹೊರನಡೆಯದೆ ಧ್ವನಿಯೆತ್ತುವರೆಂದೂ ವಿವರಿಸಿದ್ದಾರೆ. ಈ ದೃಷ್ಟಿಯಿಂದ ನೋಡಿದರೆ, ಗಟ್ಟಿಯಾಗಿ ದೂರುವ ಆಟಗಾರರು ಆಟದ ಶತ್ರುಗಳಲ್ಲ; ಹೊರಹೋಗಲು ಮನಸ್ಸಿಲ್ಲದವರು. ಹೊರಹೋದರೆ ಅವರ ಕೌಶಲಕ್ಕೆ ಬೇರೆಲ್ಲಿಯೂ ಬೆಲೆಯಿಲ್ಲ.

ಹಳೆಯದನ್ನು ಉಳಿಸುವುದು ಅಸಾಧ್ಯವೇನೂ ಅಲ್ಲವೆಂಬುದಕ್ಕೆ ನಿದರ್ಶನಗಳಿವೆ. ಇದೇ ಸಂಸ್ಥೆಯು ೨೦೦೪ರಲ್ಲಿ ಆರಂಭಿಸಿದ್ದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದ ಪ್ರಾಚೀನ ರೂಪವನ್ನು, ಆಟಗಾರರ ಬಹುಕಾಲದ ಒತ್ತಾಯದ ತರುವಾಯ, ೨೦೧೯ರ ಆಗಸ್ಟಿನಲ್ಲಿ ಪ್ರತ್ಯೇಕವಾಗಿ ತೆರೆಯಿತು. ಓವರ್‌ವಾಚ್‌ನ ಆರಂಭಕಾಲದ ರೂಪವೂ ೨೦೨೪ರ ನವೆಂಬರಿನಲ್ಲಿ ಕೆಲವು ವಾರಗಳ ಮಟ್ಟಿಗೆ ಮರಳಿ ಬಂದಿತು. ಸತ್ತವರನ್ನೆಲ್ಲ ಒಮ್ಮೆಗೇ ಎಬ್ಬಿಸುವ ಮರ್ಸಿಯೂ ಅದರೊಡನೆ ಬಂದಳು.

೬

ಮೇಲಿನ ವಿವೇಚನೆಯಿಂದ ನಾವು ತಲಪುವ ನಿರ್ಣಯವಿಷ್ಟು. ಆಟಗಾರರ ದೂರನ್ನು ಪರಿಶೀಲಿಸುವವರು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳತಕ್ಕದ್ದು: ಬದಲಾದದ್ದು ಪ್ರಮಾಣವೋ ಪ್ರಕಾರವೋ? ಸಮತೋಲನವನ್ನು ಯಾರ ಸಾಮರ್ಥ್ಯಕ್ಕೆ ಅನುಸಾರವಾಗಿ ಅಳೆಯಲಾಗಿದೆ? ಒಪ್ಪದವರಿಗೆ ಉಳಿದ ದಾರಿ ಯಾವುದು? ಮೊದಲನೆಯದಕ್ಕೆ ಪ್ರಮಾಣವೆಂಬ ಉತ್ತರ ಬಂದಲ್ಲಿ ಅಸಮಾಧಾನವು ಕಾಲಕ್ರಮದಲ್ಲಿ ಶಮನವಾಗಬಹುದು. ಪ್ರಕಾರವೆಂಬ ಉತ್ತರ ಬಂದು, ಮೂರನೆಯದಕ್ಕೆ ಯಾವ ದಾರಿಯೂ ಇಲ್ಲವೆಂದಾದರೆ, ಅಂಕಿಸಂಖ್ಯೆಗಳನ್ನು ತೋರಿಸಿ ದೂರನ್ನು ನಿವಾರಿಸಲಾಗದು. ಏಕೆಂದರೆ ಅಂಕಿಗಳು ಗೆಲವಿನ ಹಂಚಿಕೆಯನ್ನು ತಿಳಿಸುತ್ತವೆ. ದೂರಿರುವುದು ವಿದ್ಯೆಯ ನಷ್ಟವನ್ನು ಕುರಿತು. ಕೈಮಗ್ಗದವರಿಂದ ಮೊದಲುಗೊಂಡು ಅಚ್ಚಿನಮೊಳೆ ಜೋಡಿಸುವವರವರೆಗೆ, ಸಾಧನ ಬದಲಾದಾಗ ಕೈಕಸಬು ಕಳೆದುಕೊಂಡವರ ವಿಷಯದಲ್ಲಿಯೂ ಈ ಎರಡು ಲೆಕ್ಕಗಳು ಒಂದೇ ಎಂದು ಭಾವಿಸಿದವರು ಉಂಟು. ಅವೆರಡನ್ನೂ ಬೇರೆಯಾಗಿ ಎಣಿಸುವ ಅಭ್ಯಾಸವನ್ನು ಆಟದ ಉದಾಹರಣೆಯಿಂದ ಕಲಿತರೂ ಅದು ವಿದ್ಯಾರ್ಥಿಗಳಿಗೆ ಲಾಭವೇ.